ನದಿರಾಕ್ಷಸನಿಗೆ ಹಲ್ಲು ಬಂದ ಭಾನುವಾರ

"ಈ ಸಲ ಆ ಪೋಸ್ಟ್‌ಮಾಸ್ಟರನ್ನ ಮಣ್ಣು ಮುಕ್ಕಿಸ್ಲಿಲ್ಲ ಅಂದ್ರೆ, ನಾನು ಈ ಮೀಸೆ ಇಟ್ಕೊಂಡಿರೋದೇ ದಂಡ!"

ಊಟದ ಮೇಜನ್ನು ಗುದ್ದಿ ಹೀಗೆ ಘೋಷಿಸಿದ ಸೇನಾಪತಿಗಳು ಮರುಕ್ಷಣವೇ ಗಾಬರಿಯಿಂದ ಬಗ್ಗಿ ನೋಡಿದರು. ಗುದ್ದಿದ ರಭಸಕ್ಕೆ ಮೇಜಿನ ಆಚೆ ತುದಿಯಲ್ಲಿ ಕಾವಲು ನಿಂತಿದ್ದ ಹನ್ನೆರಡು ಸಿಪಾಯಿಗಳು ಬೋರಲು ಬಿದ್ದಿದ್ದರು. ಯುದ್ಧ ಶುರುವಾಗುವ ಮೊದಲೇ, ಶತ್ರುವಿನ ಮುಖವನ್ನೂ ನೋಡದೆ, ಸ್ವಂತ ಸೇನಾಪತಿಯ ಗುದ್ದಿಗೇ ಮಡಿದ ವೀರರವರು!

ಸೇನಾಪತಿ ಎಂದರೆ ನೀವು ಕುದುರೆ, ಕತ್ತಿ, ಎದೆಯ ತುಂಬ ಪದಕ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಅದು ಕ್ಲಬ್ಬಿನವರು ಇಟ್ಟ ಹೆಸರು. ಹೊಟ್ಟೆಪಾಡಿಗೆ ಅವರು ಮಾಡುವುದು ಕಟ್ಟಿಸಿಕೊಳ್ಳುವ ಹಲ್ಲುಗಳನ್ನು. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಮನೆಯ ಮುಂದಿನ ಕೋಣೆಯಲ್ಲಿ ಕೂತು ಗಾರೆ ಕಲಸಿ, ಗುಲಾಬಿ ಮೇಣ ಮೆತ್ತಿ, ಸಾಲಾಗಿ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತಾರೆ. ಊರಿನ ಅರ್ಧ ನಗು ಇವರ ಕೈಯಿಂದಲೇ ಹೊರಟದ್ದು. ಆದರೆ ಅದರ ಬಗ್ಗೆ ಅವರಿಗೆ ಕಿಂಚಿತ್ತೂ ಹೆಮ್ಮೆಯಿಲ್ಲ. ಅವರ ಹೆಮ್ಮೆಯೆಲ್ಲ ಭಾನುವಾರದ್ದು.

ಭಾನುವಾರ ಬಂತೆಂದರೆ ಸೈಕಲ್ ಅಂಗಡಿಯ ಮಹಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ. ಎಲ್ಲರೂ ತಲೆ ನೆರೆತವರು, ಇಲ್ಲವೇ ನೆರೆಯಲು ತಲೆಯಲ್ಲಿ ಏನೂ ಉಳಿಯದವರು. ಎರಡು ಮೇಜು ಜೋಡಿಸಿ, ಹಸಿರು ಬಟ್ಟೆ ಹಾಸಿ, ನೀಲಿ ಬಟ್ಟೆಯ ನದಿ ಹರಿಸಿ, ಸ್ಪಂಜಿನ ಕಾಡು ಬೆಳೆಸಿ, ಬೆರಳುದ್ದದ ತವರದ ಬೊಂಬೆಗಳನ್ನು ಇಟ್ಟು ಯುದ್ಧ ಮಾಡುತ್ತಾರೆ! ದೊರೆಗಳು ಹಡಗೇರಿ ಬಂದು ಕಂಡವರ ನಾಡಿಗೆಲ್ಲ ತಮ್ಮ ಬಾವುಟ ಸಿಕ್ಕಿಸುತ್ತಿದ್ದ ಕಾಲದ ಯುದ್ಧಗಳು. ಆದರೆ ಈ ಕ್ಲಬ್ಬಿನ ಆಟದಲ್ಲಿ ದೊರೆಗಳ ಪಾಡು ನಾಯಿಪಾಡು. ಸೈನ್ಯ ಎಲ್ಲಿಗೆ ಹೊರಟರೂ ದೊರೆಸಾನಿಯ ಪಿಯಾನೋ, ಸ್ನಾನದ ತೊಟ್ಟಿ, ಹದಿನೆಂಟು ಟೊಪ್ಪಿ ಡಬ್ಬಿ ಹೊತ್ತುಕೊಂಡೇ ಹೊರಡಬೇಕು. ನಾಲ್ಕನೇ ಸರದಿ ಬಂದೊಡನೆ, ತಲೆಯ ಮೇಲೆ ಗುಂಡು ಹಾರುತ್ತಿದ್ದರೂ ಸರಿ, ಎಲ್ಲರೂ ಕೂತು ಟೀ ಕುಡಿಯಬೇಕು. ಕುಡಿಸದಿದ್ದರೆ ಸೈನ್ಯಕ್ಕೆ ಮುನಿಸು ಬಂದು ಅದು ಒಂದಂಗುಲವೂ ಕದಲುವುದಿಲ್ಲ.

ವರ್ಷಕ್ಕೊಮ್ಮೆ ಮಹಾಯುದ್ಧ. ನದಿಯ ದಂಡೆಯಲ್ಲಿ ಒಂದು ಕೋಟೆ. ಎಂಟು ಸರದಿ ಮುಗಿದಾಗ ಕೋಟೆಯೊಳಗೆ ಯಾರಿರುತ್ತಾರೋ ಅವರು ಗೆದ್ದಂತೆ. ಗೆದ್ದವರಿಗೆ ಬೆಂಡಿನ ಬಿಳಿ ಟೊಪ್ಪಿ, ಮುಂದಿನ ಒಂದು ವರ್ಷ 'ಗವರ್ನರ್' ಎಂಬ ಪದವಿ. ಐದು ವರ್ಷದಿಂದ ಆ ಟೊಪ್ಪಿ ಪೋಸ್ಟ್‌ಮಾಸ್ಟರ ತಲೆ ಬಿಟ್ಟು ಇಳಿದಿರಲಿಲ್ಲ. ಐದು ವರ್ಷದಿಂದಲೂ ಸೋತವರು ನಮ್ಮ ಸೇನಾಪತಿಗಳೇ. ಅಂಚೆ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಆ ಮನುಷ್ಯ ಟೊಪ್ಪಿ ಧರಿಸಿಯೇ ಲಕೋಟೆಗಳಿಗೆ ಮುದ್ರೆ ಹೊಡೆಯುತ್ತಾನೆ ಎಂಬ ಸುದ್ದಿಯೂ ಇತ್ತು. ಅದನ್ನು ನೆನೆಸಿಕೊಂಡಾಗಲೆಲ್ಲ ಸೇನಾಪತಿಗಳಿಗೆ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು.

"ಐದು ವರ್ಷದಿಂದ ಇದೇ ಮಾತು, ಇದೇ ಗುದ್ದು," ಎಂದಳು ಹೆಂಡತಿ, ತಟ್ಟೆ ಹಿಡಿದು ಬಾಗಿಲಿಗೆ ಒರಗಿ ನಿಂತು. "ಹನ್ನೊಂದು ದಿನ ಆಯ್ತು ರೀ, ನಾನು ನಿಂತ್ಕೊಂಡು ಊಟ ಮಾಡೋಕೆ ಶುರು ಮಾಡಿ. ಮಗಳು ಇಸ್ತ್ರಿ ಮೇಜಿನ ಮೇಲೆ ಪುಸ್ತಕ ಹರಡ್ಕೊಂಡು ಪರೀಕ್ಷೆಗೆ ಓದ್ತಿದಾಳೆ. ಈ ಮನೇಲಿ ಕೂತ್ಕೊಂಡಿರೋರು ಅಂದ್ರೆ ನಿಮ್ಮ ದೊರೆಸಾನಿ ಒಬ್ಳೇ!"

"ಯುದ್ಧಕಾಲದಲ್ಲಿ ಪ್ರಜೆಗಳು ಸ್ವಲ್ಪ ಸಹಿಸ್ಕೋಬೇಕು ಕಣೇ."

"ಪ್ರಜೆಗಳು ದಂಗೆ ಏಳೋದೂ ಯುದ್ಧಕಾಲದಲ್ಲೇ. ಗೊತ್ತಿರ್ಲಿ!" ತಟ್ಟೆ ಕೆಳಗಿಟ್ಟು ಆಕೆ ಸೆರಗು ಬಿಗಿದಳು. "ಒಂದು ಮಾತು ಆಗಿಹೋಗ್ಲಿ. ಗೆದ್ರೆ ಈ ಮೇಜು ವರ್ಷಪೂರ್ತಿ ನಿಮ್ದೇ, ನಾನು ಕಮಕ್ ಕಿಮಕ್ ಅನ್ನಲ್ಲ. ಸೋತ್ರೆ ಬೊಂಬೆಗಳೆಲ್ಲ ಅಟ್ಟಕ್ಕೆ. ನೀವು ಆ ಕ್ಲಬ್ಬಿನ ಮೆಟ್ಟಿಲು ಹತ್ತೋ ಹಾಗಿಲ್ಲ. ಏನಂತೀರಿ?"

ಸೇನಾಪತಿಗಳು ಬಿದ್ದಿದ್ದ ಸಿಪಾಯಿಯೊಬ್ಬನನ್ನು ಎತ್ತಿ ನಿಲ್ಲಿಸಿದರು. ವಾರಕ್ಕೆ ಆರು ದಿನ ಕಂಡವರ ದವಡೆಗೆ ತಲೆಬಾಗುವ ಮನುಷ್ಯನಿಗೆ ತಲೆಯೆತ್ತಿ ನಿಲ್ಲಲು ಇರುವುದು ಆ ಭಾನುವಾರ ಒಂದೇ. ಅದೂ ಹೋದರೆ ಬದುಕಿನಲ್ಲಿ ಉಳಿಯುವುದು ಒಸಡು ಮಾತ್ರ! ಆದರೂ ಹೆಂಡತಿಯ ಮುಂದೆ ಹಿಂಜರಿಯುವುದುಂಟೆ?

"ಒಪ್ಪಿದೆ! ಸೋಲೋ ಮಾತು ಎಲ್ಲಿಂದ ಬಂತು?" ಎಂದು ಮೀಸೆ ತಿರುವಿದರು.

ಈ ಧೈರ್ಯಕ್ಕೆ ಕಾರಣವಿತ್ತು. ಈ ಸಲ ಅವರು ಗುಟ್ಟಾಗಿ ಮೂರು ತೋಪುಗಳನ್ನು ತಯಾರು ಮಾಡಿದ್ದರು. ಹಲ್ಲಿನ ಮೇಲೆ ಕೂರಿಸುವ ಲೋಹದ ಕವಚಕ್ಕೆ ಎರಕ ಹೊಯ್ಯುವ ಅದೇ ಪುಟ್ಟ ಕುಲುಮೆಯಲ್ಲಿ ತವರ ಕರಗಿಸಿ, ಚಕ್ರ ಜೋಡಿಸಿ, ಹಲ್ಲು ಉಜ್ಜುವ ಗಾಲಿಯಲ್ಲೇ ಉಜ್ಜಿ ಫಳಫಳ ಹೊಳೆಯಿಸಿದ್ದರು. ಪೋಸ್ಟ್‌ಮಾಸ್ಟರದು ದೊರೆಗಳ ಪಕ್ಷ; ಉಗಿಹಡಗಿನಲ್ಲಿ ಪಿಯಾನೋ ಸಮೇತ ನದಿಯಲ್ಲಿ ಬಂದು ಕೋಟೆ ಹಿಡಿಯುವುದು ಅವರ ಕೆಲಸ. ಸೇನಾಪತಿಗಳದು ನಾಡಿನವರ ಪಕ್ಷ; ಕೋಟೆ ಉಳಿಸಿಕೊಳ್ಳುವುದು ಇವರ ಕೆಲಸ. ಕೋಟೆಯಲ್ಲಿ ಕೂತು ಕಾಯುವುದು ಹೇಡಿಗಳ ಲಕ್ಷಣ! ಅರವತ್ತು ಜನರನ್ನೂ ನದಿಯ ತಿರುವಿಗೆ ತಂದು ಅಡಗಿಸಿ, ಹಡಗು ಬಂದೊಡನೆ ಮೂರು ತೋಪು ಹಾರಿಸಿ, ಪಿಯಾನೋವನ್ನು ನೀರುಪಾಲು ಮಾಡಿ, ಆಮೇಲೆ ಆರಾಮವಾಗಿ ಕೋಟೆಗೆ ನಡೆದುಕೊಂಡು ಬರುವುದು ಅವರ ವ್ಯೂಹ. ಹನ್ನೊಂದು ದಿನ ಊಟದ ಮೇಜಿನ ಮೇಲೆ ಅಭ್ಯಾಸ ನಡೆದಿತ್ತು. ಹನ್ನೊಂದು ದಿನವೂ ಅವರೇ ಗೆದ್ದಿದ್ದರು. ಎದುರಾಳಿಯೂ ಅವರೇ ಆಗಿದ್ದರಿಂದ ಅದು ಅಷ್ಟೇನೂ ಕಷ್ಟವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ದಂಡಯಾತ್ರೆಯ ಸಿದ್ಧತೆ. ಸಿಪಾಯಿಗಳು ಒಂದು ದೊಡ್ಡ ಪೆಟ್ಟಿಗೆಯಲ್ಲಿ. ಮೂರು ತೋಪುಗಳು, ಹಲ್ಲಿನ ಸೆಟ್ಟು ಹಾಕಿ ಕಳಿಸುವ ಬಿಳಿ ರಟ್ಟಿನ ಡಬ್ಬಿಯಲ್ಲಿ, ಹತ್ತಿಯ ಮೇಲೆ. ಅಂಥದೇ ಇನ್ನೊಂದು ಡಬ್ಬಿ ಪಕ್ಕದಲ್ಲಿತ್ತು. ಅದು ದೊಡ್ಡ ಟೀಚರ ಹಲ್ಲು.

ದೊಡ್ಡ ಟೀಚರೆಂದರೆ ಮೂವತ್ತೆಂಟು ವರ್ಷ ಊರಿನ ಮಕ್ಕಳ ಕಿವಿ ಹಿಂಡಿ ನಿವೃತ್ತರಾದವರು. ಈಗವರಿಗೆ ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಹಲ್ಲೂ ಇಲ್ಲ. ಮೂರು ಸಲ ಸೆಟ್ಟು ಹಾಕಿ ನೋಡಿ, ಮೂರು ಸಲವೂ "ಎಡಗಡೆ ಎತ್ತರ ಇದೆ ಕಣಯ್ಯ" ಎಂದು ವಾಪಸ್ ಕಳಿಸಿದ್ದರು. "ಹಲ್ಲು ಎತ್ತರ ಇಲ್ಲ ಟೀಚರ್, ನಿಮ್ಮ ಒಸಡು ತಗ್ಗು" ಎಂದು ವಾದಿಸಿದ್ದ ಸೇನಾಪತಿಗಳು, ಮೂರು ಸಲವೂ ಹಲ್ಲನ್ನು ಒಂದು ಕೂದಲಿನಷ್ಟೂ ಉಜ್ಜದೆ ಬರೀ ಹೊಳಪು ಕೊಟ್ಟು ಹಾಗೇ ಕಳಿಸಿದ್ದರು. ಇಂದು ಮೂರು ಗಂಟೆಗೆ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಟೀಚರ ಭಾಷಣ. ಅಷ್ಟರೊಳಗೆ ಹಲ್ಲು ಅವರ ಬಾಯಿ ಸೇರಬೇಕು. ತಲುಪಿಸುವ ಹೊಣೆ ಎಂದಿನಂತೆ ಹೆಂಡತಿಯದು.

"ಎರಡೂ ಒಂದೇ ಥರ ಡಬ್ಬಿ. ಮೇಲೊಂದು ಚೀಟಿ ಅಂಟಿಸಿ ರೀ," ಎಂದಳು ಆಕೆ.

"ಸೇನಾಪತಿಗೆ ತನ್ನ ತೋಪು ಯಾವ್ದು ಅಂತ ತಿಳ್ಕೊಳ್ಳೋಕೆ ಚೀಟಿ ಬೇಕಾ? ಕೈಗೆ ತಗೊಂಡ್ರೆ ಸಾಕು!" ಸೇನಾಪತಿಗಳು ಒಂದೊಂದು ಕೈಯಲ್ಲಿ ಒಂದೊಂದು ಡಬ್ಬಿ ಎತ್ತಿ, ಕಣ್ಣು ಮುಚ್ಚಿ, ತಕ್ಕಡಿಯಂತೆ ತೂಗಿದರು. "ಇದು ಹಲ್ಲು. ಹಗುರ. ಇದು ಪ್ರಳಯ!" ಎಂದು ಒಂದನ್ನು ಆಕೆಯ ಕೈಗಿತ್ತು, ಇನ್ನೊಂದನ್ನು ಎದೆಗವಚಿಕೊಂಡು ಹೊರಟರು.

ಕ್ಲಬ್ಬಿನಲ್ಲಿ ಆಗಲೇ ಜನ ನೆರೆದಿದ್ದರು. ಪಂಚಾಯಿತಿ ಮಾಡುವವರು ಕನ್ನಡಕದ ಅಂಗಡಿಯವರು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ನಿಯಮದ ಪುಸ್ತಕ. ಅವರ ಮಾತೆಂದರೆ ಮಾತು. ಎದುರಿಗೆ ಟೊಪ್ಪಿ ಧರಿಸಿ ಪೋಸ್ಟ್‌ಮಾಸ್ಟರ್.

"ಬಂದ್ರಾ ಸೇನಾಪತಿಗಳು? ಈ ಸಲಾನೂ ಸೋತು ಹೋಗೋಕೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ ಹೊತ್ಕೊಂಡ್ ಬಂದ್ರಿ? ಖಾಲಿ ಕೈಲಿ ಬಂದಿದ್ರೂ ಆಗ್ತಿತ್ತು."

"ಟೊಪ್ಪಿನ ಒಂದ್ಸಲ ಒಳಗಡೆ ಒರೆಸಿಡಿ ಸ್ವಾಮಿ. ನನ್ನ ತಲೆಗೆ ಬೇರೆಯವ್ರ ಎಣ್ಣೆ ಆಗ್ಬರಲ್ಲ!"

ಆ ಕ್ಲಬ್ಬಿನಲ್ಲೊಂದು ಪದ್ಧತಿಯಿದೆ. ಹಿಂದೊಮ್ಮೆ ಯಾರೋ ಮಹಾನುಭಾವರು ಎದುರಿನ ಸೈನ್ಯವನ್ನು ನೋಡಿಕೊಂಡು, ಸೋಲುವ ಹೊತ್ತಿಗೆ ಜೇಬಿನಿಂದ ಎರಡು ಆನೆ ತೆಗೆದಿದ್ದರಂತೆ. ಅಂದಿನಿಂದ, ಪಂಚಾಯಿತಿಯವರು ಚಪ್ಪಾಳೆ ತಟ್ಟಿದ ಕೂಡಲೇ ಇಬ್ಬರೂ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಬೋರಲು ಹಾಕಬೇಕು. ಬಿದ್ದದ್ದೆಲ್ಲ ಯುದ್ಧ ಮಾಡಲೇಬೇಕು. ಏನನ್ನೂ ಸೇರಿಸುವಂತಿಲ್ಲ, ಏನನ್ನೂ ವಾಪಸ್ ತೆಗೆಯುವಂತಿಲ್ಲ.

ಚಪ್ಪಾಳೆ ಬಿತ್ತು. ಅರವತ್ತು ಸಿಪಾಯಿಗಳು ಗಲಗಲ ಉರುಳಿದರು. ಸೇನಾಪತಿಗಳು ಬಿಳಿ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದು, "ನೋಡಿ ಸ್ವಾಮಿ, ಇಷ್ಟು ವರ್ಷ ಬಚ್ಚಿಟ್ಟಿದ್ದ ನನ್ನ ಶಕ್ತಿ!" ಎಂದು ಗರ್ಜಿಸಿ ಬೋರಲು ಹಾಕಿದರು.

ನೀಲಿ ನದಿಯ ನಡುವೆ, ಗುಲಾಬಿ ಒಸಡಿನ, ಫಳಫಳ ಹೊಳೆಯುವ ಹಲ್ಲಿನ ಸೆಟ್ಟೊಂದು ಬಿದ್ದು ಎರಡು ಸಲ ಕಟಕಟ ಎಂದಿತು.

ಕೋಣೆಯಲ್ಲಿದ್ದವರೆಲ್ಲ ಮೇಜಿನ ಮೇಲೆ ಬಗ್ಗಿ ನೋಡಿದರು. ಮೊದಲು ಚೇತರಿಸಿಕೊಂಡವರು ಪೋಸ್ಟ್‌ಮಾಸ್ಟರ್. "ಓಹೋ, ಸಂಧಾನಕ್ಕೆ ಬಂದಿರೋ ಹಾಗಿದೆ! ಆಗ್ಲೇ ನಗ್ತಾ ಇದೆ!"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಲೆ ತಗ್ಗಿಸಿ ಮನೆಗೆ ಓಡುತ್ತಿದ್ದರು. ಸೇನಾಪತಿಗಳೂ ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟರು. ತೋಪುಗಳು ಈಗ ಟೀಚರ ಮನೆಯಲ್ಲಿ! ಆದರೆ ಓಡಿದರೆ ಆಟ ಬಿಟ್ಟುಕೊಟ್ಟಂತೆ; ಬಿಟ್ಟುಕೊಟ್ಟರೆ ಸೋತಂತೆ; ಸೋತರೆ ಅಟ್ಟ. ಗಡಿಯಾರ ನೋಡಿದರು. ಹನ್ನೊಂದು. ಭಾಷಣ ಮೂರಕ್ಕೆ. ಒಂದೂವರೆಗೆ ಗೆದ್ದು, ಎರಡಕ್ಕೆ ಹಲ್ಲು ತೊಳೆದು, ಎರಡೂವರೆಗೆ ಟೀಚರ ಕಾಲಿಗೆ ಬಿದ್ದರೆ ಎಲ್ಲ ಸುಸೂತ್ರ. ಅವರು ಎದೆಯುಬ್ಬಿಸಿದರು.

"ನಗ್ರಿ, ನಗ್ರಿ! ಇದು ಏನು ಅಂತ ಗೊತ್ತಿದ್ರೆ ತಾನೇ? ಇದು ನಮ್ಮ ನಾಡಿನ ನದಿರಾಕ್ಷಸ! ನೀರೊಳಗಿರುತ್ತೆ. ಬಾಯಿ ಮಾತ್ರ ಕಾಣುತ್ತೆ!"

ಎಲ್ಲರೂ ಕನ್ನಡಕದವರ ಕಡೆ ನೋಡಿದರು. ಅವರು ಪುಸ್ತಕ ತಿರುವಿ ಹಾಕಿ, ತಮ್ಮ ಕನ್ನಡಕ ಒರೆಸಿ, ಹಲ್ಲಿನ ಉದ್ದ ಅಗಲ ಅಳೆದು, ಗಂಟಲು ಸರಿಮಾಡಿಕೊಂಡರು. "ಪೆಟ್ಟಿಗೆಯಿಂದ ಬಿದ್ದಿದೆ. ಯುದ್ಧ ಮಾಡ್ಲೇಬೇಕು. ನದಿರಾಕ್ಷಸ ಅಂತ್ಲೇ ಬರ್ಕೋತೀನಿ. ಸರದಿಗೆ ಎಂಟಂಗುಲ ಈಜುತ್ತೆ. ದಾಳದಲ್ಲಿ ಐದೋ ಆರೋ ಬಿದ್ರೆ ಕಚ್ಚುತ್ತೆ. ಒಂದು ಕಚ್ಚಿಗೆ ಹಡಗು ನಿಲ್ಲುತ್ತೆ, ಎರಡನೇ ಕಚ್ಚಿಗೆ ಮುಳುಗುತ್ತೆ. ಸರೀನಾ?"

"ಇನ್ನೊಂದು ಸೇರಿಸ್ಕೊಳ್ಳಿ," ಎಂದರು ಸೇನಾಪತಿಗಳು. ಅವರಿಗೆ ಆಗಲೇ ಹುರುಪು ಬಂದುಬಿಟ್ಟಿತ್ತು. "ನಾನು ಮಾಡಿದ ಹಲ್ಲು ಅಂದ್ರೆ ಹಲ್ಲು. ಒಂದ್ಸಲ ಹಿಡಿದದ್ದನ್ನ ಬಿಡಲ್ಲ. ಯಾವ ಸೈನ್ಯ ಬಂದ್ರೂ ಬಿಡಿಸ್ಕೊಳ್ಳೋಕಾಗಲ್ಲ."

"ಯಾವ ಸೈನ್ಯಾನೂ?"

"ಯಾವುದೂ!"

ಕನ್ನಡಕದವರು ಬರೆದುಕೊಂಡರು.

ಆಮೇಲೆ ನಡೆದದ್ದು ಆ ಕ್ಲಬ್ಬು ಕಂಡು ಕೇಳರಿಯದ ಯುದ್ಧ! ಪೋಸ್ಟ್‌ಮಾಸ್ಟರ ಉಗಿಹಡಗು ಹೊಗೆಯುಗುಳುತ್ತ, ಪಿಯಾನೋ ತೂಗಾಡಿಸುತ್ತ ಮೊದಲ ಮೂರು ಸರದಿ ಜಂಬದಿಂದ ಬಂತು. ನಾಲ್ಕನೆಯದರಲ್ಲಿ ಟೀ. ಕೆಂಪು ಅಂಗಿಯ ಸಿಪಾಯಿಗಳೆಲ್ಲ ಕೂತು ಟೀ ಹೀರುತ್ತಿರುವಾಗ ತಿರುವಿನಿಂದ ನದಿರಾಕ್ಷಸ ಹೊರಟಿತು. ಸೇನಾಪತಿಗಳು ಸೆಟ್ಟನ್ನು ಎರಡು ಕೈಯಲ್ಲೂ ಹಿಡಿದು, ಬಾಯಿ ತೆರೆದು ಮುಚ್ಚಿ ಆಡಿಸುತ್ತ, ಗಂಟಲಲ್ಲಿ ಏನೇನೋ ಸದ್ದು ಹೊರಡಿಸುತ್ತ ನದಿಯುದ್ದಕ್ಕೂ ತಂದರು. ಐದನೆಯ ಸರದಿಯಲ್ಲಿ ದಾಳ ಎಸೆದರು. ಆರು! ಗಬಕ್ಕನೆ ಹಡಗಿನ ಹೊಗೆಕೊಳವೆಗೆ ಹಲ್ಲು ಹಾಕಿ ಕಟಕಟನೆ ಕಡಿಸಿದರು. ತಗಡಿನ ಕೊಳವೆ ಸೊಟ್ಟಗಾಯಿತು.

"ರೀ, ಅದು ನಾನು ಮೂರು ತಿಂಗಳು ಕೂತು ಮಾಡಿದ ಹಡಗು ಕಣ್ರೀ!" ಎಂದು ಪೋಸ್ಟ್‌ಮಾಸ್ಟರ್ ಚೀರಿದರು.

"ನಮ್ಮ ನದಿಗೆ ಬರೋಕೆ ಮುಂಚೆ ಯೋಚಿಸ್ಬೇಕಿತ್ತು, ದೊರೆ!"

ಆರನೆಯ ಸರದಿಯಲ್ಲಿ ದಾಳ ಕೈಕೊಟ್ಟಿತು. ಏಳನೆಯದರಲ್ಲಿ ಐದು ಬಿತ್ತು. ಇನ್ನೊಂದು ಕಡಿತ! ಹಡಗು ಪಕ್ಕಕ್ಕೆ ವಾಲಿ, ಪಿಯಾನೋ ನೀರಿಗೆ ಜಾರಿ, ದೊರೆಸಾನಿ ಸ್ನಾನದ ತೊಟ್ಟಿಯಲ್ಲಿ ಕೂತು ದಡ ಸೇರಿದಳು. ಜನ ಕೇಕೆ ಹಾಕಿದರು. ಉಳಿದಿದ್ದುದು ಎಂಟನೆಯ ಸರದಿ ಒಂದೇ. ಅರವತ್ತು ಸಿಪಾಯಿಗಳನ್ನು ಕೋಟೆಗೆ ನಡೆಸಿಕೊಂಡು ಹೋದರೆ ಮುಗಿಯಿತು. ಸೇನಾಪತಿಗಳ ಕಣ್ಣಲ್ಲಿ ನೀರಾಡಿತು. ಐದು ವರ್ಷ! ಅವರು ಪೋಸ್ಟ್‌ಮಾಸ್ಟರ ತಲೆಯತ್ತ ಕೈ ಚಾಚಿ, "ತೆಗೀರಿ ಸ್ವಾಮಿ ಟೊಪ್ಪಿ!" ಎಂದರು.

ಆಗ ಬಾಗಿಲು ತೆರೆಯಿತು.

ಹೆಂಡತಿ. ಕೈಯಲ್ಲಿ ಬಿಳಿ ಡಬ್ಬಿ. ಹಿಂದೆ ಏದುಸಿರು ಬಿಡುತ್ತ, ಕೊಡೆ ಊರಿಕೊಂಡು, ಕೆನ್ನೆಗಳೆರಡೂ ಒಳಗೆ ಸೇರಿದ್ದ ದೊಡ್ಡ ಟೀಚರ್.

"ರೀ! ಟೀಚರಿಗೆ ತೋಪು ಕಳ್ಸಿದೀರಲ್ರೀ!" ಎಂದು ಹೆಂಡತಿ ಡಬ್ಬಿ ತೆರೆದು ತೋರಿಸಿದಳು. "ಪಾಪ, ಕನ್ನಡಕ ಹಾಕ್ಕೊಳ್ದೆ ಒಂದನ್ನ ಬಾಯಿಗೇ ಇಟ್ಕೊಂಡಿದ್ರಂತೆ! ಚಕ್ರ ನಾಲಿಗೆಗೆ ತಗುಲಿದ್ಮೇಲೇ ಗೊತ್ತಾಗಿದ್ದು!"

"ನನ್ನ ಹಫ್ಫು ಎಫ್ಫಿ?" ಎಂದರು ಟೀಚರ್.

ಅದು 'ನನ್ನ ಹಲ್ಲು ಎಲ್ಲಿ' ಎಂಬ ಪ್ರಶ್ನೆಯೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಡೀ ಕೋಣೆ ಏಕಕಾಲಕ್ಕೆ ನದಿಯತ್ತ ನೋಡಿತು. ಹಲ್ಲಿನ ನಡುವೆ ಉಗಿಹಡಗಿನ ಬಾವುಟ ಸಿಕ್ಕಿಕೊಂಡಿತ್ತು.

"ಟೀಚರ್, ಇನ್ನು ಹತ್ತೇ ನಿಮಿಷ," ಎಂದು ಸೇನಾಪತಿಗಳು ಕೈಮುಗಿದರು. "ಆಟ ಮುಗಿಯೋವರೆಗೆ ಮೇಜಿನಿಂದ ಏನೂ ತೆಗೆಯೋ ಹಾಗಿಲ್ಲ. ನಿಯಮ! ಬೇಕಾದ್ರೆ ಕನ್ನಡಕದವರನ್ನ ಕೇಳಿ!"

ಟೀಚರ್ ಕನ್ನಡಕದವರತ್ತ ತಿರುಗಿ ಕೊಡೆ ಎತ್ತಿದರು. ಐವತ್ತೈದು ವರ್ಷದ ಆ ಮನುಷ್ಯ ಗಕ್ಕನೆ ಎದ್ದು ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಎರಡನೇ ತರಗತಿಯಲ್ಲಿ ಅವರ ಅಂಗೈಗೆ ಅಡಿಪಟ್ಟಿಯ ಅಳತೆ ಕಲಿಸಿದ್ದು ಇದೇ ಟೀಚರ್. ಟೀಚರ್ ಮೇಜಿನ ಬಳಿ ನಡೆದರು, ನದಿರಾಕ್ಷಸನನ್ನು ಎತ್ತಿಕೊಂಡರು, ಬಾವುಟ ಕಿತ್ತೆಸೆದು, ಮೂಲೆಯ ನಲ್ಲಿಯಲ್ಲಿ ಮೂರು ಸಲ ತೊಳೆದು, ಬಾಯಿಗಿಟ್ಟುಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಗಿದು ನೋಡಿದರು. ಮುಖ ಅರಳಿತು.

"ಅರೆ! ಈಗ ಸರಿಯಾಗಿ ಕೂತಿದೆ ಕಣಯ್ಯ! ಎಡಗಡೆ ಎತ್ತರ ಇದ್ದದ್ದು ಹೋಗಿದೆ. ಕೊನೆಗೂ ಉಜ್ಜಿದ್ಯಲ್ಲ!"

ಸೇನಾಪತಿಗಳು ಮೀಸೆ ಸವರಿಕೊಂಡರು. ಉಜ್ಜಿದ್ದು ಪೋಸ್ಟ್‌ಮಾಸ್ಟರ ಹೊಗೆಕೊಳವೆ!

"ಹೊತ್ತಾಗುತ್ತೆ, ನಾನು ಹೊರಟೆ," ಎಂದು ಟೀಚರ್ ಕೊಡೆ ಹಿಡಿದರು. ಆದರೆ ಕನ್ನಡಕದವರಿಗೆ ಧರ್ಮಸಂಕಟ. ಕೈಗಳು ಬೆನ್ನ ಹಿಂದೆಯೇ ಇದ್ದವು. ಆದರೂ ಬಾಯಿಗೆ ನ್ಯಾಯ ಬಿಡಲಾಗಲಿಲ್ಲ. "ಟೀಚರ್, ಒಂದೇ ನಿಮಿಷ. ರಾಕ್ಷಸನ ಸರದಿ ಬಾಕಿ ಇದೆ. ಅದು ಈಗ ನಿಮ್ಮ ಬಾಯಲ್ಲಿ ಇರೋದ್ರಿಂದ, ನೀವೇ ಆಡ್ಬೇಕು."

"ಇದು ಅನ್ಯಾಯ! ಅದು ನನ್ನ ರಾಕ್ಷಸ!" ಎಂದು ಸೇನಾಪತಿಗಳು ಕೂಗಿದರು.

"ಯಾರ ಹಲ್ಲು ಇದು?" ಎಂದು ಟೀಚರ್ ಕೇಳಿದರು. ಹೊಸ ಹಲ್ಲಿನಿಂದ ಮಾತು ಖಣಖಣ ಬಂತು. ಸೇನಾಪತಿಗಳು ತಲೆ ತಗ್ಗಿಸಿ, "ನಿಮ್ದು ಟೀಚರ್," ಎಂದರು.

ಹಲ್ಲಿನ ಬದಲಿಗೆ ಖಾಲಿ ಡಬ್ಬಿಯನ್ನು ನದಿಯಲ್ಲಿ ಇಟ್ಟರು. ಟೀಚರ್ ಕನ್ನಡಕ ಏರಿಸಿ, ಪರೀಕ್ಷೆಯ ಉತ್ತರ ತಿದ್ದುವಾಗಿನ ಗಾಂಭೀರ್ಯದಿಂದ ಮೇಜನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಇವರೆಲ್ಲ ಯಾಕೆ ಹೊಡೆದಾಡ್ತಿದಾರೆ?"

"ಆ ಕೋಟೆಗೋಸ್ಕರ, ಟೀಚರ್," ಎಂದರು ಪೋಸ್ಟ್‌ಮಾಸ್ಟರ್.

"ಕೋಟೇಲಿ ಯಾರಿದಾರೆ?"

ಎಲ್ಲರೂ ಕೋಟೆಯತ್ತ ಕತ್ತು ಚಾಚಿದರು. ಕೆಂಪಂಗಿಯವರು ನೀರಿನಲ್ಲಿ ಪಿಯಾನೋ ಹುಡುಕುತ್ತಿದ್ದರು. ಸೇನಾಪತಿಗಳ ಅರವತ್ತು ವೀರರೂ ತಿರುವಿನಲ್ಲಿ ನಿಂತು ನೋಡುತ್ತಿದ್ದರು. ಕೋಟೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಖಾಲಿ ಇದೆ ಟೀಚರ್," ಎಂದಳು ಹೆಂಡತಿ. ಅವಳಿಗೇಕೆ ಇಷ್ಟು ಉತ್ಸಾಹವೋ! "ಹಿಂಬಾಗಿಲು ನದಿಗೇ ಇದೆ ನೋಡಿ!"

"ಮತ್ತೆ ಇಷ್ಟು ಜನ ಇಲ್ಲಿ ಏನು ಮಾಡ್ತಿದೀರೋ? ನಾನು ಕೋಟೆಗೆ ಹೋಗ್ತೀನಪ್ಪ."

ಕನ್ನಡಕದವರು ಟೇಪು ಹಿಡಿದರು. ಏಳೂವರೆ ಅಂಗುಲ, ಎಂಟರೊಳಗೇ! ಡಬ್ಬಿ ಕೋಟೆಯೊಳಗೆ ಕೂತಿತು. ಸೇನಾಪತಿಗಳು ಅರವತ್ತು ಜನರನ್ನೂ ಒಟ್ಟಿಗೆ ಕೋಟೆಗೆ ನುಗ್ಗಿಸಲು ಹೋದರೆ, ಕನ್ನಡಕದವರು ತಮ್ಮ ಪುಸ್ತಕ ತೆರೆದು ತಣ್ಣಗೆ ಓದಿದರು: "ಒಂದ್ಸಲ ಹಿಡಿದದ್ದನ್ನ ಬಿಡಲ್ಲ. ಯಾವ ಸೈನ್ಯ ಬಂದ್ರೂ ಬಿಡಿಸ್ಕೊಳ್ಳೋಕಾಗಲ್ಲ. ಬರೆಸಿದ್ದು ತಾವೇ."

ಹೀಗೆ ಆ ವರ್ಷದ ಗವರ್ನರ್ ಗಿರಿ ದೊಡ್ಡ ಟೀಚರ ಪಾಲಾಯಿತು. ಪೋಸ್ಟ್‌ಮಾಸ್ಟರ್ ತಾವೇ ಟೊಪ್ಪಿ ತೆಗೆದು ಅವರ ತಲೆಗಿಟ್ಟರು. ಟೀಚರಿಗೆ ಅದು ಎಷ್ಟು ಹಿಡಿಸಿತೆಂದರೆ, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲೂ ಟೊಪ್ಪಿ ತೆಗೆಯದೆ ಒಂದು ಗಂಟೆ ಭಾಷಣ ಮಾಡಿದರಂತೆ. ಒಂದೇ ಒಂದು ಅಕ್ಷರ ಜಾರಲಿಲ್ಲವಂತೆ.

ಸೇನಾಪತಿಗಳು ಮಾತಿಗೆ ತಪ್ಪಲಿಲ್ಲ. ಅದೇ ಸಂಜೆ ಏಣಿ ಹಾಕಿ, ಬೊಂಬೆಗಳನ್ನೆಲ್ಲ ಅಟ್ಟಕ್ಕೇರಿಸಿದರು. ಏಣಿ ಹಿಡಿದುಕೊಂಡಿದ್ದ ಹೆಂಡತಿಗೂ ಯಾಕೋ ಪಿಚ್ಚೆನಿಸಿತು. ಮಗಳು ಮಾತ್ರ ಊಟದ ಮೇಜಿನ ಮೇಲೆ ಎರಡೂ ಮೊಣಕೈ ಊರಿ, ಮೂರು ಪುಸ್ತಕ ಹರಡಿಕೊಂಡು ಕೂತು ಊಟ ಮಾಡಿದಳು.

ಮೊದಲ ಭಾನುವಾರ ಸೇನಾಪತಿಗಳು ಕಿಟಕಿಯ ಬಳಿ ಕೂತು ಬೀದಿ ನೋಡಿದರು. ಅದೇನೋ ಸಹಿಸಬಹುದಾಗಿತ್ತು. ಎರಡನೆಯ ಭಾನುವಾರ ಅವರು ಅಡುಗೆಮನೆ ಹೊಕ್ಕರು. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲು ನಿಲ್ಲಿಸಿ, ಸಕ್ಕರೆಯನ್ನು ಹಿಂದಿನ ಕಾವಲಿಗೆ ಹಾಕಿ, ಲಟ್ಟಣಿಗೆಯನ್ನು ಎಡಪಾರ್ಶ್ವದ ತೋಪೆಂದು ಘೋಷಿಸಿ, ಉಪ್ಪನ್ನು ಯಾರಿಗೂ ಸಿಗದ ಗುಪ್ತಸ್ಥಾನದಲ್ಲಿ ಅಡಗಿಸಿಟ್ಟರು. ಉಪ್ಪು ಸಿಕ್ಕಿದ್ದು ಮಂಗಳವಾರ.

ಮೂರನೆಯ ಭಾನುವಾರ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಪೋಸ್ಟ್‌ಮಾಸ್ಟರ್ ಮತ್ತು ಕನ್ನಡಕದವರು. ಇಬ್ಬರ ಮುಖದಲ್ಲೂ ಸಂಕೋಚ. ಇಬ್ಬರೂ ಕೈ ಕಟ್ಟಿ ನಿಂತಿದ್ದರು.

ಸೇನಾಪತಿಗಳಿಗೆ ಎಲ್ಲವೂ ಅರ್ಥವಾಗಿಹೋಯಿತು! ಅವರಿಬ್ಬರನ್ನೂ ಊಟದ ಮೇಜಿನ ಬಳಿ ಕೂರಿಸಿ, ತಾವು ನಿಂತೇ ಮಾತು ಶುರು ಮಾಡಿದರು. "ನೀವು ಬರ್ತೀರಿ ಅಂತ ನಂಗೆ ಗೊತ್ತಿತ್ತು. ಇಷ್ಟು ತಡ ಯಾಕೆ ಅಂತ್ಲೇ ಯೋಚಿಸ್ತಿದ್ದೆ. ನಾನಿಲ್ದೆ ಮೇಜು ಭಣಭಣ ಅಂತಿರ್ಬೇಕು, ಅಲ್ವಾ?"

"ಹೌದು, ಸ್ವಲ್ಪ ಹಾಗೇ ಇದೆ," ಎಂದರು ಕನ್ನಡಕದವರು. "ನದಿ ಸಪ್ಪೆ ಆಗೋಗಿದೆ."

"ಆಗ್ದೆ ಇರುತ್ತಾ? ಆದ್ರೆ ಏನ್ ಮಾಡ್ಲಿ ಸ್ವಾಮಿ, ಹೆಂಡ್ತಿಗೆ ಮಾತು ಕೊಟ್ಟಿದೀನಿ. ಕೊಟ್ಟ ಮಾತು ಅಂದ್ರೆ ನಂಗೆ ಪ್ರಾಣ. ಅವಳೇ ಬಾಯಿಬಿಟ್ಟು ಹೋಗಿ ಅನ್ನೋವರೆಗೂ..."

"ಹೋಗಿ ರೀ!" ಎಂದು ಅಡುಗೆಮನೆಯಿಂದ ತಕ್ಷಣ ಉತ್ತರ ಬಂತು. "ಈಗ್ಲೇ ಹೋಗಿ! ಬೊಂಬೆ ನಾನೇ ಇಳಿಸ್ಕೊಡ್ತೀನಿ. ಮೇಜೂ ತಗೊಳ್ಳಿ, ಅರ್ಧ!"

ಸೇನಾಪತಿಗಳ ಎದೆ ಎರಡಂಗುಲ ಉಬ್ಬಿತು. ಒಂದು ಕಾಲಿಗೆ ಆಗಲೇ ಚಪ್ಪಲಿ ಮೆಟ್ಟಿ, "ಕೇಳಿದ್ರಲ್ಲ? ನಡೀರಿ! ಬಂದ ತಕ್ಷಣ ನಂಗೆ ಯಾವ ಸೈನ್ಯ ಕೊಡ್ತೀರಿ, ಅದನ್ನ ಮೊದಲು ಹೇಳಿ," ಎಂದರು.

ಅತಿಥಿಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೋಸ್ಟ್‌ಮಾಸ್ಟರ್ ಕೆಮ್ಮಿದರು.

"ಅಲ್ಲಾ ಸೇನಾಪತಿಗಳೇ... ನಾವು ಬಂದದ್ದು ಬೇರೆ ವಿಷಯಕ್ಕೆ. ಆವತ್ತಿಂದ ರಾಕ್ಷಸ ಇಲ್ದೆ ಯಾರಿಗೂ ಆಡೋ ಮನಸ್ಸೇ ಇಲ್ಲ. ಗವರ್ನರ್ ಟೀಚರನ್ನ ಕೇಳಿದ್ವಿ. 'ನನ್ನ ಹಲ್ಲು ಕೊಡಲ್ಲ, ನಾನು ಊಟ ಮಾಡೋದು ಬೇಡ್ವೇನ್ರೋ' ಅಂತ ಬೈದ್ರು. ಕ್ಲಬ್ಬಿಗೇ ಅಂತ ಒಂದು ಸೆಟ್ಟು ಮಾಡಿಸಿ ಅಂತ ಆಜ್ಞೆ ಆಗಿದೆ. ದೊಡ್ಡದು. ಒಂದು ಮೊಳ ಅಗಲ, ಬಾಯಿ ತೆಗೆದು ಮುಚ್ಚೋ ಹಾಗೆ."

ಸೇನಾಪತಿಗಳು ಒಂದೇ ಚಪ್ಪಲಿಯಲ್ಲಿ ನಿಂತೇ ಇದ್ದರು. ಇನ್ನೊಂದನ್ನು ಕಾಲಿನಿಂದ ತಡಕುತ್ತ, "ಮತ್ತೆ... ನಾನು?" ಎಂದರು.

"ಅಯ್ಯೋ, ನೀವೂ ಬನ್ನಿ, ನೀವೂ ಬನ್ನಿ!" ಎಂದು ಪೋಸ್ಟ್‌ಮಾಸ್ಟರ್ ಅವರ ಭುಜ ತಟ್ಟಿದರು. "ಅಷ್ಟು ದೊಡ್ಡ ಹಲ್ಲು ಹೊತ್ಕೊಂಡು ಮೆಟ್ಟಿಲು ಹತ್ತೋಕೆ ಒಬ್ರಾದ್ರೂ ಬೇಕಲ್ಲ!"